ಏಡಿ ನಾರಾಯಣಮ್ಮ ಮತ್ತು ಪ್ರೋಟೀನ್ ಎಂಬ ಪದ

ಹುಳಿಮಾವು ಬಡಾವಣೆಯ ನಮ್ಮ ಬೀದಿಯಲ್ಲಿ ಯಾರಾದರೂ ಎರಡು ಸಲ ಸೀನಿದರೆ ಸಾಕು, ನಾರಾಯಣಮ್ಮನ ಮನೆಯಿಂದ ಒಂದು ಲೋಟ ಏಡಿ ಸಾರು ಬರುತ್ತಿತ್ತು. ಕೆರೆಯ ಕಾಲುವೆಯ ಬಿಲಗಳಿಗೆ ಕೈ ಹಾಕಿ ಏಡಿ ಹಿಡಿಯುವುದನ್ನು ಅವರು ಹುಡುಗಿಯಾಗಿದ್ದಾಗಲೇ ಕಲಿತವರು. ಕಾಲುಗಳನ್ನು ಒರಳಲ್ಲಿ ಜಜ್ಜಿ, ಸೋಸಿ, ಮೆಣಸು ಬೆಳ್ಳುಳ್ಳಿ ಹಾಕಿ ಕುದಿಸಿದರೆ ಎದೆಯ ಕಫ ಕರಗುತ್ತದೆ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹೊಲವೆಲ್ಲ ಸೈಟಾಗಿ, ಮನೆಯೊಡತಿ ಅನ್ನಿಸಿಕೊಂಡ ಮೇಲೂ ಜನ ಅವರನ್ನು ಕರೆಯುತ್ತಿದ್ದದ್ದು ಏಡಿ ನಾರಾಯಣಮ್ಮ ಎಂದೇ. ಆ ಹೆಸರು ಕೇಳಿದರೆ ಅವರಿಗೆ ಒಂದು ಥರ ಹೆಮ್ಮೆ.

ನಾನು ಜಯಾ. ಗದಗಿನ ಕಡೆಯವಳು, ಜಯನಗರದ ಒಂದು ಕ್ಲಿನಿಕ್ಕಿನಲ್ಲಿ ನರ್ಸು; ಅವರ ಮಹಡಿಯ ಬಾಡಿಗೆ ಕೋಣೆಯಲ್ಲಿದ್ದೆ. ನಾನು ಏಡಿ ತಿನ್ನುವವಳಲ್ಲ ಎಂದು ಗೊತ್ತಾದ ದಿನದಿಂದ ನನಗೆ ಬೇರೆ ಪಾತ್ರೆಯಲ್ಲಿ ಮೆಣಸಿನ ಸಾರು ಬರುತ್ತಿತ್ತು. ಅಂಥ ಹೆಂಗಸಿಗೆ ನಾವು ಮಾಡಿದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ನಾವು ಎಂದೆ, ಬೇಕೆಂದೇ ಹಾಗೆಂದೆ.

2001ರಲ್ಲಿ ಅವರ ಮೊಮ್ಮಗಳು ರಮ್ಯಳಿಗೆ ಐದು ವರ್ಷ. ಉಬ್ಬಸದ ಮಗು. ಎದೆ ಗೊರಗೊರ ಎಂದಾಗಲೆಲ್ಲ ಅಜ್ಜಿಯ ಏಡಿ ಸಾರು. ಕುಡಿದ ಮೇಲೆ ತುಟಿ ತುರಿಸಿ ಕೆಮ್ಮು ಹೆಚ್ಚಾದರೆ, ಕಫ ಕೀಳ್ತಾ ಅದೆ ಎಂಬ ಸಮಾಧಾನ. ಕೊನೆಗೆ ನಾನೇ ಒತ್ತಾಯ ಮಾಡಿ ಮಗುವನ್ನೂ ಅದರ ಅಪ್ಪ, ಅಂದರೆ ನಾರಾಯಣಮ್ಮನ ಒಬ್ಬನೇ ಮಗ ಶಶಿಧರನನ್ನೂ ನಮ್ಮ ಡಾಕ್ಟರ ಹತ್ತಿರ ಕರೆದೊಯ್ದೆ. ಯಾವುದು ಮೈಗೆ ಒಗ್ಗುವುದಿಲ್ಲ ಎಂದು ನೋಡಲು ಮಗುವಿನ ಮುಂಗೈ ಮೇಲೆ ಬೇರೆ ಬೇರೆ ರಸದ ಹನಿಗಳನ್ನು ಸಾಲಾಗಿ ಇಟ್ಟು ಚುಚ್ಚಿದರು. ಕಾಲು ಗಂಟೆಯಲ್ಲಿ ಎರಡು ಕಡೆ ದದ್ದು ಎದ್ದಿತು. ಒಂದು ಜಿರಳೆಯ ಹನಿ, ಇನ್ನೊಂದು ಏಡಿಯದು.

"ನೋಡಿ ಶಶಿಧರ್, ಜಿರಳೆ, ಧೂಳಿನ ಹುಳ, ಸೀಗಡಿ, ಏಡಿ, ಇವೆಲ್ಲ ದೂರದ ದಾಯಾದಿಗಳು," ಎಂದರು ಡಾಕ್ಟರು. "ಇವುಗಳ ಮಾಂಸದಲ್ಲಿ ಹೆಚ್ಚುಕಮ್ಮಿ ಒಂದೇ ಥರದ ಪ್ರೋಟೀನ್ ಇರತ್ತೆ. ನಿಮಗೆ ನಮಗೆ ಅದರಿಂದ ಏನೂ ಆಗಲ್ಲ. ಈ ಮಗುವಿನ ಮೈ ಮಾತ್ರ ಅದನ್ನ ವೈರಿ ಅಂದ್ಕೊಂಡಿದೆ. ಎಷ್ಟು ಬೇಯಿಸಿದ್ರೂ ಆ ಪ್ರೋಟೀನ್ ಹಾಳಾಗಲ್ಲ. ಒಂದ್ಸಲ ಜೋರಾಗಿ ತಿರುಗಿಬಿದ್ರೆ ಉಸಿರೇ ನಿಲ್ಲಬಹುದು. ಏಡಿ ಪೂರ್ತಿ ಬಂದ್."

ಮನೆಗೆ ಬಂದಾಗ ನಾರಾಯಣಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ನಾನು ಮೆಟ್ಟಿಲು ಹತ್ತುತ್ತಿದ್ದೆ.

"ಏನಂದ್ರಪ್ಪ ಡಾಕ್ಟ್ರು?"

"ಏಡೀಲಿ ಒಂದು ಪ್ರೋಟೀನ್ ಇದ್ಯಂತಮ್ಮ," ಎಂದ ಶಶಿಧರ ತಾಯಿಯ ಮುಖ ನೋಡಿ ಅಷ್ಟಕ್ಕೇ ನಿಲ್ಲಿಸಿದ.

ಆ ಮುಖ ಅರಳಿಹೋಗಿತ್ತು. ಗಂಡ ರಾಮಯ್ಯ ಆಪರೇಷನ್ ಆಗಿ ಸೊರಗಿ ಮಲಗಿದ್ದಾಗ ಆಸ್ಪತ್ರೆಯವರು ಬರೆದುಕೊಟ್ಟದ್ದು ಪ್ರೋಟೀನ್ ಪುಡಿಯ ಡಬ್ಬ. ದಿನಾ ಹಾಲಿಗೆ ಎರಡು ಚಮಚ ಹಾಕಿ ಕುಡಿಸಿ ನಾರಾಯಣಮ್ಮ ಅವರನ್ನು ಎಬ್ಬಿಸಿ ಕೂರಿಸಿದ್ದರು. ಆ ಪದಕ್ಕೆ ಅವರ ಪಾಲಿಗೆ ಬೇರೆ ಅರ್ಥವೇ ಇರಲಿಲ್ಲ.

"ಕೇಳಿದ್ಯೇನವ್ವ ಜಯಾ? ಡಾಕ್ಟ್ರೂ ಅದನ್ನೇ ಹೇಳವ್ರೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಶಶಿಧರ ಕಣ್ಣಲ್ಲೇ ಬೇಡವೆಂದ. ಆಮೇಲೆ ಮಹಡಿಗೆ ಬಂದು, "ಅಕ್ಕ, ನಾನೇ ನಿಧಾನಕ್ಕೆ ಹೇಳ್ತೀನಿ. ಈಗ ಹೇಳಿದ್ರೆ, ಇಷ್ಟು ದಿನ ಮಗೂಗೆ ವಿಷ ಹಾಕ್ದೆ ಅಂತ ಒದ್ದಾಡ್ತಾರೆ. ಹೆಂಗೂ ಚರಂಡಿ ನೀರು ಸೇರಿ ಕೆರೇಲಿ ಏಡಿನೇ ಇಲ್ಲ," ಎಂದ. ಅವರ ಮನೆಯ ವಿಷಯ ನನಗೇಕೆ ಎಂದು ನಾನೂ ತೆಪ್ಪಗಾದೆ.

ಕೆರೆಯಲ್ಲಿಲ್ಲದ ಏಡಿಯನ್ನು ನಾರಾಯಣಮ್ಮ ಮುಂದಿನ ಭಾನುವಾರ ಎರಡು ಬಸ್ ಬದಲಿಸಿ ಮಾರ್ಕೆಟ್ಟಿನಿಂದ ತಂದರು. ಪ್ರೋಟೀನ್ ಚೆಲ್ಲಿಹೋಗಬಾರದೆಂದು ಸಾರನ್ನು ಸೋಸಲೂ ಇಲ್ಲ. ಶಶಿಧರ ಹೊರಗೆ ಹೋಗಿದ್ದ, ಸೊಸೆಗೂ ಅವನು ಏನನ್ನೂ ಹೇಳಿರಲಿಲ್ಲ; ನಾನು ಮಹಡಿಯಲ್ಲಿದ್ದೆ. ಮಧ್ಯಾಹ್ನ ಮುದ್ದೆಯ ಜೊತೆ ಎರಡು ತುತ್ತು ಇಳಿಯುವುದರೊಳಗೆ ರಮ್ಯಳ ಕಣ್ಣು ತುಟಿ ಊದಿ, ಮೈಯೆಲ್ಲ ದದ್ದೆದ್ದು, ಉಸಿರು ಸಿಕ್ಕಿಕೊಂಡಿತು. ಆಟೋ ಹಿಡಿದು ಹತ್ತಿರದ ಆಸ್ಪತ್ರೆಗೆ ಓಡಿದೆವು. ತೊಡೆಗೆ ಇಂಜೆಕ್ಷನ್ ಕೊಟ್ಟರು. ಮಗು ಉಳಿಯಿತು.

ವರಾಂಡದಲ್ಲಿ ಶಶಿಧರನೂ ಸೊಸೆಯ ತವರಿನವರೆಲ್ಲರೂ ಸೇರಿದ್ದರು. ಯಾರು ತಿನ್ನಿಸಿದ್ದು ಎಂದು ಡ್ಯೂಟಿ ಡಾಕ್ಟರು ಕೇಳಿದ್ದೇ ತಡ, ಶಶಿಧರ ತಾಯಿಯ ಕಡೆ ತಿರುಗಿದ. "ಏಡಿ ಕೊಡಬೇಡ ಅಂತ ಬಡ್ಕೊಂಡೆ ತಾನೆ? ಕೇಳಿದ್ಯಾ ನೀನು?"

ಹಸಿ ಸುಳ್ಳು. ನಾರಾಯಣಮ್ಮ ಮಗನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರಿಬ್ಬರನ್ನು ಬಿಟ್ಟರೆ ನಿಜ ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ. ಬಾಯಿ ಬಿಟ್ಟರೆ, ನರ್ಸಾಗಿ ನೀನೇಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ. ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ.

ಅಂದಿನಿಂದ ಅಜ್ಜಿ ಮಗುವಿಗೆ ಒಂದು ಬಿಸ್ಕತ್ತು ಕೊಡಲೂ ಮನೆಯವರು ಬಿಡಲಿಲ್ಲ. ಏಡಿ ನಾರಾಯಣಮ್ಮ ಎಂಬ ಹೆಸರನ್ನು ಬೀದಿಯವರು ಈಗ ದನಿ ತಗ್ಗಿಸಿ ಹೇಳುತ್ತಿದ್ದರು.

ಎರಡು ತಿಂಗಳ ಮೇಲೆ ನನಗೆ ನೆಗಡಿ, ಜ್ವರ. ಬೆಳಿಗ್ಗೆ ನಾರಾಯಣಮ್ಮ ಲೋಟ ಹಿಡಿದು ಮೆಟ್ಟಿಲು ಹತ್ತಿ ಬಂದರು. ಅದೇ ಮೆಣಸಿನ ಸಾರು. ಕೈ ಚಾಚಿದೆ; ಕೊಡಲಿಲ್ಲ.

"ಮೆಣಸು, ಬೆಳ್ಳುಳ್ಳಿ, ಜೀರಿಗೆ, ಹುಣಸೆಹಣ್ಣು, ಉಪ್ಪು. ಇಷ್ಟೇ ಹಾಕಿರಾದು. ಇದ್ರಲ್ಲಿ ಯಾವ್ದಾದ್ರೂ ನಿಂಗೆ ಆಗಲ್ಲ ಅಂದ್ರೆ ಈಗ್ಲೇ ಹೇಳ್ಬುಡವ್ವ. ಆಮೇಕೆ ಹೇಳಿದ್ದೆ ಅನ್ಬೇಡ."

ಅವರು ಕುಟುಕುತ್ತಿರಲಿಲ್ಲ, ನಿಜವಾಗಿಯೇ ಕೇಳುತ್ತಿದ್ದರು. ನನಗೆ ಅಳು ಉಕ್ಕಿ ಬಂತು. "ಶಶಿಧರ ನಿಮಗೆ ಹೇಳೇ ಇರ್ಲಿಲ್ಲ ಅಮ್ಮಾ. ನಂಗೊತ್ತಿತ್ತು," ಎಂದೆ.

"ಗೊತ್ತು. ನೀನು ಮೆಟ್ಲ ಮೇಲೇ ನಿಂತಿದ್ದೆ," ಎಂದರು. ಲೋಟ ಇನ್ನೂ ಅವರ ಕೈಯಲ್ಲೇ ಇತ್ತು. "ಹೇಳು, ಇದು ಆಯ್ತದಾ ನಿಂಗೆ?"