ನೂರ ಹದಿನೈದು ವೋಲ್ಟ್

2023ರ ಮೇ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಒಂಬತ್ತರ ಆಸುಪಾಸಿನಲ್ಲಿ, ಶಿವನಿ ರೈಲು ನಿಲ್ದಾಣದಿಂದ ಒಂದೂವರೆ ಕಿಲೋಮೀಟರ್ ದೂರದ ತೋಟದ ಮನೆಯೊಂದರಲ್ಲಿ, ವಿದೇಶದಿಂದ ಬಂದಿದ್ದ ಆಕ್ಸಿಜನ್ ಯಂತ್ರವೊಂದು ಸುಟ್ಟುಹೋಯಿತು. ಬೆಂಕಿ ಹತ್ತಿಕೊಳ್ಳಲಿಲ್ಲ. ಮನೆಯಲ್ಲಿದ್ದವರು ಒಬ್ಬರೇ, ಅವರಿಗೆ ಗಾಯವಾಗಲಿಲ್ಲ. ನಾನು ಅಲ್ಲಿಗೆ ತಲುಪಿದಾಗ ಒಂಬತ್ತು ನಲವತ್ತಾಗಿತ್ತು.

ಆ ಮನೆಯವರು ಜಿಲ್ಲಾ ಪತ್ರಿಕೆಯೊಂದರ ಅಚ್ಚುಕೂಟದಲ್ಲಿ ಫೋರ್‌ಮನ್ ಆಗಿದ್ದವರು. ನಾನು ಅದೇ ಪತ್ರಿಕೆಯ ಸುದ್ದಿ ಡೆಸ್ಕಿನಲ್ಲಿದ್ದೆ. ಪತ್ರಿಕೆ ನಿಂತುಹೋಗಿ ಎಷ್ಟೋ ವರ್ಷಗಳಾದರೂ ನಾನು ಅವರನ್ನು ಫೋರ್‌ಮನ್ ಎಂದೇ ಕರೆಯುತ್ತಿದ್ದೆ. ಅವರು ನನ್ನನ್ನು ಡೆಸ್ಕು ಎನ್ನುತ್ತಿದ್ದರು. ಇಬ್ಬರಿಗೂ ಮದುವೆಯಾಗಿಲ್ಲ. ಆ ವಿಷಯ ನಮ್ಮ ನಡುವೆ ಒಮ್ಮೆಯೂ ಬಂದದ್ದಿಲ್ಲ.

ಕಡೂರಿನ ಸ್ಟೇಷನ್ ರಸ್ತೆಯಲ್ಲಿ ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ನಾನಿದ್ದೇನೆ. ಪ್ರತಿ ಭಾನುವಾರ ವಾರದ ಪತ್ರಿಕೆಗಳನ್ನೆಲ್ಲ ಒಂದು ಬಟ್ಟೆ ಚೀಲಕ್ಕೆ ಹಾಕಿಕೊಂಡು, ಬೆಳಗಿನ ಪ್ಯಾಸೆಂಜರ್ ಹಿಡಿದು, ಬೀರೂರು ಅಜ್ಜಂಪುರ ದಾಟಿ ಶಿವನಿಗೆ ಹೋಗುತ್ತಿದ್ದೆ. ಫೋರ್‌ಮನ್ ಜಗಲಿಯ ಮೇಲೆ ಕೆಂಪು ಪೆನ್ನು ಇಟ್ಟುಕೊಂಡು ಕಾಯುತ್ತಿದ್ದರು. ಇಬ್ಬರೂ ಪುಟ ಹಂಚಿಕೊಂಡು ತಪ್ಪು ಹುಡುಕುತ್ತಿದ್ದೆವು. ಯಾರೂ ಕೇಳದ, ಯಾರಿಗೂ ಕಳಿಸದ ತಿದ್ದುಪಡಿ. ಎಲ್ಲಿ, ಯಾವಾಗ ಎಂಬುದಿಲ್ಲದ ಸುದ್ದಿ ಕಂಡರೆ ಅವರು ಅದರ ಪಕ್ಕದಲ್ಲಿ ‘ಯಾವಾಗ?’ ಎಂದು ಬರೆದು ಎರಡು ಗೆರೆ ಎಳೆಯುತ್ತಿದ್ದರು. ಮಧ್ಯಾಹ್ನ ಮುದ್ದೆ, ಸಾರು. ಸಂಜೆಯ ಗಾಡಿಗೆ ನಾನು ವಾಪಸು.

ಆ ವರ್ಷದ ಚಳಿಗಾಲ ಮುಗಿಯುವ ಹೊತ್ತಿಗೆ ಅವರ ಉಸಿರು ಕೆಟ್ಟಿತು. ಜಗಲಿಯಿಂದ ಅಡುಗೆಮನೆಗೆ ಹೋಗಲು ಎರಡು ಕಡೆ ನಿಲ್ಲಬೇಕಾಗುತ್ತಿತ್ತು. ದಿನಕ್ಕೆ ಹದಿನೈದು ಗಂಟೆಯಾದರೂ ಆಕ್ಸಿಜನ್ ಬೇಕೆಂದು ವೈದ್ಯರು ಬರೆದುಕೊಟ್ಟರು. ದಾವಣಗೆರೆಯಲ್ಲಿ ಅವರಿಗೆ ಒಬ್ಬಳೇ ತಂಗಿ. ಆಕೆ ಬಂದು ನೋಡಿ, ಇವತ್ತೇ ಹೊರಡು ಎಂದಳು. ಇವರು ಒಪ್ಪಲಿಲ್ಲ. ತೋಟ, ಮನೆ ಎಂದು ಏನೇನೋ ಕಾರಣ ಕೊಟ್ಟರು. ಕೊನೆಗೆ ಅಣ್ಣ ತಂಗಿ ಒಂದು ಮಾತಿಗೆ ಬಂದರು. ಮನೆಯಲ್ಲೇ ಯಂತ್ರ ಇಟ್ಟುಕೊಂಡು ಅದು ಸರಿಯಾಗಿ ನಡೆದರೆ ಶಿವನಿಯಲ್ಲೇ ಇರಬಹುದು. ಕೈಕೊಟ್ಟರೆ ಎರಡನೇ ಮಾತಿಲ್ಲದೆ ದಾವಣಗೆರೆಗೆ ಬರಬೇಕು.

ಯಂತ್ರ ಸಿಕ್ಕಿದ್ದು ತರೀಕೆರೆಯಲ್ಲಿ. ಕೋವಿಡ್ ಕಾಲದಲ್ಲಿ ಹೊರದೇಶದ ದಾನಿಗಳು ಕಳಿಸಿದ್ದ ಕೆಲವು ಯಂತ್ರಗಳನ್ನು ಒಂದು ಸೇವಾಸಂಸ್ಥೆಯವರು ಗೋದಾಮಿನಲ್ಲಿ ಇಟ್ಟಿದ್ದರು. ಕೇಳಿದವರಿಗೆ ಸಹಿ ಹಾಕಿಸಿಕೊಂಡು ಕೊಡುತ್ತಿದ್ದರು. ಡಬ್ಬ ಒಡೆದಿರಲಿಲ್ಲ. ಸಹಿ ಹಾಕಿ ತಂದವನು ನಾನೇ.

ಪಿನ್ನು ನಮ್ಮದಲ್ಲ ಎಂದು ಬಿಚ್ಚಿದ ಕೂಡಲೇ ಗೊತ್ತಾಯಿತು. ಎರಡು ಚಪ್ಪಟೆ ಕಡ್ಡಿ, ಕೆಳಗೆ ಒಂದು ಗುಂಡನೆಯದು. ಊರಿನ ಮೋಟಾರು, ಸ್ಟಾರ್ಟರು, ವೈರಿಂಗ್ ಎಲ್ಲವನ್ನೂ ನೋಡುವ ಎಲೆಕ್ಟ್ರಿಷಿಯನ್ನನ್ನು ಕರೆಸಿದೆವು. ನಲವತ್ತರ ಪ್ರಾಯ, ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಅವನು ಕಡೂರಿನಿಂದ ಒಂದು ಕನ್ವರ್ಷನ್ ಪ್ಲಗ್ ತರಿಸಿದ. ಆ ಕಡೆ ಯಾವ ದೇಶದ ಪಿನ್ನಾದರೂ ಕೂರುತ್ತದೆ, ಈ ಕಡೆ ನಮ್ಮ ಸಾಕೆಟ್ಟಿಗೆ ಹೋಗುತ್ತದೆ. ಅವನ ಭಾವಮೈದುನ ಹೊರದೇಶದಿಂದ ತಂದ ಮೊಬೈಲ್ ಚಾರ್ಜರು ಇಂಥದೇ ಪ್ಲಗ್ಗಿನಲ್ಲಿ ಎರಡು ವರ್ಷದಿಂದ ಓಡುತ್ತಿದೆಯಂತೆ.

ಯಂತ್ರದ ಹಿಂಭಾಗದಲ್ಲಿ ಒಂದು ಬೆಳ್ಳಿ ಬಣ್ಣದ ಚೀಟಿ ಅಂಟಿಸಿತ್ತು. ಕಣ್ಣಿಗೆ ಬಿದ್ದ ಅಕ್ಷರವನ್ನು ಓದದೆ ಬಿಡುವ ಅಭ್ಯಾಸ ನನಗಿಲ್ಲ. ಓದಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: 115 ವೋಲ್ಟ್, 60 ಹರ್ಟ್ಸ್. ಫೋರ್‌ಮನ್ ನೋಡುತ್ತಿದ್ದರು.

“ಏನಂತ ಬರ್ದಿದೆ ಡೆಸ್ಕು?”

“ನೂರ ಹದಿನೈದು ವೋಲ್ಟ್ ಅಂತಿದೆ.”

ಎಲೆಕ್ಟ್ರಿಷಿಯನ್ ತಲೆ ಎತ್ತದೆ ಹೇಳಿದ: “ಮತ್ತಿನ್ನೇನ್ ಬೇಕು ಕಣ್ರೀ? ನಮ್ ಲೈನಲ್ಲಿ ಬರೋದೇ ಅಷ್ಟು. ಬ್ಯಾಸ್ಗೇಲಿ ನೂರ ನಲವತ್ತು ದಾಟಿದ್ರೆ ನಮ್ಮಜ್ಜಿ ಎದ್ ಬತ್ತಾಳೆ.”

ಅವನು ಹೇಳಿದ್ದು ಸುಳ್ಳಲ್ಲ. ಆ ಮನೆಗೆ ಕರೆಂಟು ಬರುತ್ತಿದ್ದದ್ದು ಊರೊಳಗಿನ ಲೈನಿನಿಂದಲ್ಲ, ಪಂಪ್‌ಸೆಟ್ಟುಗಳ ಲೈನಿನಿಂದ. ಅದರಲ್ಲೂ ಕಟ್ಟಕಡೆಯ ಕಂಬ. ಬೇಸಿಗೆಯಲ್ಲಿ ತ್ರೀಫೇಸ್ ಇರುವಷ್ಟು ಹೊತ್ತು ತೆಂಗು, ಬಾಳೆಯ ತೋಟದ ಮೋಟಾರುಗಳೆಲ್ಲ ಓಡುತ್ತವೆ. ತ್ರೀಫೇಸ್ ಹೋದ ಮೇಲೆ ಕನ್ವರ್ಟರ್ ಹಾಕಿ ಅವೇ ಮೋಟಾರುಗಳನ್ನು ಸಿಂಗಲ್ ಫೇಸಿನಲ್ಲಿ ಓಡಿಸುತ್ತಾರೆ. ಅವು ಎಳೆದುಕೊಂಡು ಉಳಿದ ಕರೆಂಟಿನಲ್ಲಿ ಕೊನೆಯ ಕಂಬದ ಮನೆಯ ಬಲ್ಬು ಹಗಲಿರುಳೂ ಕೆಂಪಗೆ ಉರಿಯುತ್ತದೆ. ಅವನು ಮೀಟರ್ ಹಚ್ಚಿ ತೋರಿಸಿದ. ನೂರ ಮೂವತ್ತೆಂಟು.

ಟೀವಿಗೆ ಒಂದು ಸ್ಟೆಬಿಲೈಜರ್ ಇತ್ತು. ಅದರಲ್ಲಿ ಹಾಕಿದರೆ ಅದು ಇನ್ನೂರ ಇಪ್ಪತ್ತಕ್ಕೆ ಏರಿಸಿಬಿಡುತ್ತದೆ, ಆಗ ಯಂತ್ರ ಸುಡುತ್ತದೆ ಎಂದು ಅವನೇ ಎಚ್ಚರಿಸಿದ. ಸ್ಟೆಬಿಲೈಜರನ್ನು ಪಕ್ಕಕ್ಕೆ ಸರಿಸಿ ಪ್ಲಗ್ಗನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಚುಚ್ಚಿದ. ಯಂತ್ರ ಒಮ್ಮೆ ಕೂಗಿ, ಗುಂಯ್ ಎಂದು ಶುರುವಾಯಿತು. ಫೋರ್‌ಮನ್ ನಳಿಗೆಯನ್ನು ಮೂಗಿಗೆ ಸಿಕ್ಕಿಸಿಕೊಂಡು ಎರಡು ನಿಮಿಷ ಉಸಿರೆಳೆದುಕೊಂಡರು. ಆಮೇಲೆ, ನಮ್ಮೂರಿಗಂತಾನೇ ಮಾಡಿ ಕಳಿಸಿದಾರೆ ಬಿಡು ಎಂದರು. ಮೂವರೂ ನಕ್ಕೆವು. ನೂರ ಮೂವತ್ತೆಂಟು ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ಅದರ ಪಕ್ಕ ‘ಯಾವಾಗ?’ ಎಂದು ಬರೆಯಲಿಲ್ಲ.

ಯಂತ್ರ ಐದು ಭಾನುವಾರ ನಡೆಯಿತು. ಮುಟ್ಟಿದರೆ ಬಿಸಿಯಾಗಿರುತ್ತಿತ್ತು. ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟೆವು. ನಳಿಗೆ ಉದ್ದವಿತ್ತು, ಜಗಲಿಯವರೆಗೆ ಬರುತ್ತಿತ್ತು. ಕರೆಂಟು ಹೋದಾಗ ಬೇಕೆಂದು ತಂಗಿ ಒಂದು ಸಣ್ಣ ಸಿಲಿಂಡರ್ ತಂದಿಟ್ಟಿದ್ದಳು. ಫೋರ್‌ಮನ್‌ಗೆ ಮಾತು ಮರಳಿತು. ಒಂದೇ ವಾರದ ಪತ್ರಿಕೆಗಳಲ್ಲಿ ಮೂವತ್ತು ತಪ್ಪು ಹಿಡಿದ ದಿನ, ನಮ್ಮ ಕಾಲದಲ್ಲಿ ಇಷ್ಟಾಗಿದ್ದರೆ ನಿನ್ನನ್ನು ರಸ್ತೆಯಲ್ಲಿ ಅಟ್ಟಾಡಿಸಿ ಹೊಡೀತಿದ್ದೆ ಎಂದರು.

ಮೇ ಎರಡನೇ ಶನಿವಾರ ಸಂಜೆ ಆ ಭಾಗಕ್ಕೆಲ್ಲ ಮಳೆ ಬಂತು. ಕಡೂರಿನಲ್ಲಿ ನಮ್ಮ ಬೀದಿಯ ಚರಂಡಿ ತುಂಬಿ ಹರಿಯಿತು. ಭಾನುವಾರ ಅಜ್ಜಂಪುರದಲ್ಲಿ ಗಾಡಿ ಹತ್ತಿದವರು ಎಮ್ಮೆದೊಡ್ಡಿ ಕಾವಲಿನಲ್ಲೂ ಹದವಾಗಿ ಬಿತ್ತಂತೆ, ಹಿರೇನಲ್ಲೂರಿನ ಕಡೆ ಇನ್ನೂ ಜೋರಂತೆ ಎಂದು ಮಾತಾಡಿಕೊಳ್ಳುತ್ತಿದ್ದರು. ಅಪರಿಚಿತರೊಬ್ಬರು ನನಗೆ ಕಡಲೆಕಾಯಿ ಕೊಟ್ಟರು. ಶಿವನಿಯಲ್ಲಿ ಇಳಿದು ಮಣ್ಣು ರಸ್ತೆಯಲ್ಲಿ ನಡೆದೆ. ಪ್ರತಿ ವಾರ ಆ ದಾರಿಯ ಎರಡೂ ಕಡೆ ಮೋಟಾರುಗಳ ಸದ್ದು ಇರುತ್ತಿತ್ತು. ಅಂದು ಒಂದೂ ಇರಲಿಲ್ಲ. ಹಕ್ಕಿಗಳ ಸದ್ದು ಚೆನ್ನಾಗಿ ಕೇಳುತ್ತಿತ್ತು. ಅದನ್ನು ಗಮನಿಸಿದೆ. ಅಷ್ಟೇ ಮಾಡಿದೆ.

ಮನೆಯ ಬಾಗಿಲಲ್ಲೇ ಸುಟ್ಟ ವಾರ್ನಿಷ್ ವಾಸನೆ. ಫೋರ್‌ಮನ್ ಹೊಸ್ತಿಲ ಮೇಲೆ ಕೂತು ಎರಡು ಕೈಗಳನ್ನೂ ಮೊಣಕಾಲ ಮೇಲೆ ಊರಿಕೊಂಡಿದ್ದರು. ತುಟಿ ನೀಲಿಯಾಗಿತ್ತು. ರಾತ್ರಿಯಿಡೀ ಕರೆಂಟು ಇಲ್ಲದೆ ಸಿಲಿಂಡರ್ ಮುಗಿದಿತ್ತು. ಒಂಬತ್ತಕ್ಕೆ ಕರೆಂಟು ಬಂದಾಗ ಯಂತ್ರ ಹಾಕಿದ್ದಾರೆ. ಅರ್ಧ ನಿಮಿಷ ದೊಡ್ಡ ದನಿಯಲ್ಲಿ ಓಡಿತಂತೆ. ಆಮೇಲೆ ಹೊಗೆ. ಅವರೇ ಸ್ವಿಚ್ ಆರಿಸಿ ಹೊರಗೆ ಬಂದಿದ್ದಾರೆ. ಒಳಗೆ ಬಲ್ಬು ಬೆಳ್ಳಗೆ ಉರಿಯುತ್ತಿತ್ತು. ಆ ಮನೆಯಲ್ಲಿ ಅಷ್ಟು ಬೆಳಕನ್ನು ನಾನು ನೋಡಿರಲಿಲ್ಲ.

ಗೂಡ್ಸ್ ಆಟೋದಲ್ಲಿ ಅಜ್ಜಂಪುರದ ಆಸ್ಪತ್ರೆಗೆ ಕರೆದೊಯ್ದೆ. ಆಕ್ಸಿಜನ್ ಕೊಟ್ಟರು. ಹನ್ನೊಂದರ ಹೊತ್ತಿಗೆ ತುಟಿಯ ಬಣ್ಣ ಮರಳಿತು. ಎಲೆಕ್ಟ್ರಿಷಿಯನ್ ಸುದ್ದಿ ತಿಳಿದು ಬೈಕಿನಲ್ಲಿ ಬಂದ. ಮನೆಗೆ ಹೋಗಿ ಮೀಟರ್ ಹಚ್ಚಿ ನೋಡಿಯೇ ಬಂದಿದ್ದ. ಇನ್ನೂರ ಮೂವತ್ತೆಂಟು ಇತ್ತು. ಮಳೆ ಬಂದ ಮೇಲೆ ಯಾರೂ ಮೋಟಾರು ಹಾಕಿರಲಿಲ್ಲ. ಮಳೆ ಬಂದರೆ ಮೋಟಾರು ನಿಲ್ಲುತ್ತದೆ, ಮೋಟಾರು ನಿಂತರೆ ವೋಲ್ಟೇಜು ಏರುತ್ತದೆ ಎಂಬುದು ಆ ಊರಿನಲ್ಲಿ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಅವನು ವಾರ್ಡಿನ ಒಳಗೆ ಬರಲಿಲ್ಲ. ಗೋಡೆಗೆ ಒರಗಿ ನಿಂತು, “ಮಳೇನ ನಾನ್ ಲೆಕ್ಕಕ್ಕೇ ತಗೊಳ್ಲಿಲ್ಲ ಸಾ” ಎಂದ.

ಮಧ್ಯಾಹ್ನ ತಂಗಿ ಕಾರು ಮಾಡಿಕೊಂಡು ಬಂದಳು. ಬೈಯಲಿಲ್ಲ. ಬಟ್ಟೆ, ಔಷಧಿ, ಕನ್ನಡಕ ಎಂದು ನನ್ನ ಕೈಗೆ ಪಟ್ಟಿ ಕೊಟ್ಟು ಮನೆಗೆ ಕಳಿಸಿದಳು. ತಂದುಕೊಟ್ಟೆ. ಕಾರು ಹೊರಡುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದಳು.

“ಅಣ್ಣ ಹೇಳ್ದ. ಅದ್ರ ಹಿಂದೆ ಬರ್ದಿದ್ದನ್ನ ನೀವು ಓದಿದ್ರಂತೆ?”

“ಓದಿದ್ದೆ.”

“ಬರ್ಕೊಂಡೂ ಇದ್ರಂತೆ.”

“ಹೌದು.”

ಆಕೆ ಕಾರಿನ ಕಡೆ ತಿರುಗಿದಳು. ಮನೆಯ ಬೀಗದ ಕೈ ನನ್ನ ಹತ್ತಿರವೇ ಇರಲಿ ಎಂದಳು. ಫೋರ್‌ಮನ್ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದರು. ಅಂದು ನಾನು ತಂದಿದ್ದ ಪತ್ರಿಕೆಗಳ ಚೀಲ ಶಿವನಿಯ ಮನೆಯ ಹೊಸ್ತಿಲ ಪಕ್ಕದಲ್ಲೇ ಉಳಿದಿತ್ತು.

ಆ ವಾರ ಯಂತ್ರವನ್ನು ತರೀಕೆರೆಯಲ್ಲಿ ಮೋಟಾರು ವೈಂಡಿಂಗ್ ಮಾಡುವ ಹಿರಿಯರೊಬ್ಬರ ಬಳಿಗೆ ಬಸ್ಸಿನಲ್ಲಿ ಒಯ್ದೆ. ಅವರು ಬಿಚ್ಚಿ ನೋಡಿ ಕಪ್ಪಗಾದ ತಂತಿಯನ್ನು ಉಗುರಿನಿಂದ ಕೆರೆದರು. ಕನ್ವರ್ಷನ್ ಪ್ಲಗ್ಗು ಪಿನ್ನಿನ ಆಕಾರವನ್ನಷ್ಟೇ ಬದಲಿಸುತ್ತದೆ, ಕರೆಂಟನ್ನಲ್ಲ ಎಂದರು. ಇದಕ್ಕೆ ಇನ್ನೂರ ಮೂವತ್ತನ್ನು ನೂರ ಹದಿನೈದಕ್ಕೆ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕಿತ್ತು. ಅದೂ ಯಂತ್ರದ ವ್ಯಾಟಿಗಿಂತ ದೊಡ್ಡದು. ಹಾಗೆ ಮಾಡಿದ್ದರೂ ಪೂರ್ತಿ ಸರಿಯಾಗುತ್ತಿರಲಿಲ್ಲ. ಅರವತ್ತು ಹರ್ಟ್ಸಿಗೆ ಮಾಡಿದ ಮೋಟಾರು ನಮ್ಮ ಐವತ್ತರಲ್ಲಿ ನಿಧಾನ ತಿರುಗುತ್ತದೆ, ಬಿಸಿಯಾಗುತ್ತದೆ, ಗಾಳಿ ಕಮ್ಮಿ ಕೊಡುತ್ತದೆ. ಅದನ್ನು ಟ್ರಾನ್ಸ್‌ಫಾರ್ಮರ್ ಸರಿಮಾಡಲಾರದು. ಪ್ಲಗ್ಗನ್ನು ತಿರುಗಿಸಿ ನೋಡಿ, ಇದರಲ್ಲಿ ಅರ್ತಿಂಗ್ ಕಡ್ಡಿ ಬರೀ ಪ್ಲಾಸ್ಟಿಕ್ಕು ಎಂದೂ ತೋರಿಸಿದರು. ಐದು ವಾರ ಆ ಯಂತ್ರದ ಮೈಗೆ ಅರ್ತೇ ಇರಲಿಲ್ಲ.

ನಮ್ಮ ಕರೆಂಟಿಗೆ ತಕ್ಕಂತೆ ಸುತ್ತಿಕೊಡಬಹುದೇ ಎಂದು ಕೇಳಿದೆ.

“ಸುತ್ತಬೋದು. ಸುತ್ತಲ್ಲ” ಎಂದರು. “ಬೋರ್‌ವೆಲ್ ಮೋಟ್ರು ನಿಂತ್ರೆ ಬಾಳೆ ಒಣಗುತ್ತೆ. ಇದು ಒಬ್ಬರ ಉಸಿರು ಸ್ವಾಮಿ, ನನ್ ಕೈಲಿ ಬ್ಯಾಡ.”

ಯಂತ್ರವನ್ನು ಗೋದಾಮಿಗೆ ಹಿಂದಿರುಗಿಸಿದೆ. ಉಳಿದ ಡಬ್ಬಗಳ ಚೀಟಿಗಳನ್ನು ಅಲ್ಲಿದ್ದ ಗುಮಾಸ್ತರ ಜೊತೆ ಒಂದೊಂದಾಗಿ ಓದಿದೆ. ಮೂರರ ಮೇಲೆ ‘115 ವೋಲ್ಟ್, ನೇರವಾಗಿ ಹಾಕಬೇಡಿ’ ಎಂದು ಕನ್ನಡದಲ್ಲಿ ಬರೆದು ಅಂಟಿಸಿದೆ. ಈಗ ಕಡೂರಿನಲ್ಲೂ ಪರಿಚಯದವರು ಹೊರದೇಶದ ವಸ್ತು ಬಂದರೆ ನನ್ನ ಕೋಣೆಗೆ ತರುತ್ತಾರೆ. 100ರಿಂದ 240 ಎಂದಿದ್ದರೆ ಪಿನ್ ಬದಲಿಸಿದರೆ ಸಾಕು ಎನ್ನುತ್ತೇನೆ. ಮೊಬೈಲ್, ಲ್ಯಾಪ್‌ಟಾಪಿನ ಚಾರ್ಜರುಗಳಲ್ಲಿ ಹೆಚ್ಚಾಗಿ ಹಾಗೇ ಇರುತ್ತದೆ. ಬರೀ 110, 120 ಎಂದಿದ್ದರೆ ಹಾಕಬೇಡಿ ಎನ್ನುತ್ತೇನೆ. ಮನೆ ಮಾಲೀಕರ ಮಗಳ ಕೂದಲು ಒಣಗಿಸುವ ಯಂತ್ರ ಹಾಗೆಯೇ ಬೀರುವಿಗೆ ಹೋಯಿತು. ಕೇಳಿದ್ದಕ್ಕೆ ಉತ್ತರ ಸಿಕ್ಕ ಮೇಲೆ ಯಾರೂ ಕೂರುವುದಿಲ್ಲ.

ದಾವಣಗೆರೆಗೆ ಎರಡು ಸಲ ಹೋಗಿದ್ದೆ. ಅಲ್ಲಿ ಹೊಸ ಯಂತ್ರವಿದೆ, 230 ವೋಲ್ಟ್, 50 ಹರ್ಟ್ಸ್. ಅದರ ಚೀಟಿಯನ್ನೂ ಓದಿದೆ. ತಂಗಿ ಕಾಫಿ ಕೊಟ್ಟಳು. ಫೋರ್‌ಮನ್ ಕೆಂಪು ಪೆನ್ನು ತೆಗೆದುಕೊಂಡರು. ಒಂದು ಪುಟ ನೋಡುವುದರಲ್ಲಿ ದಣಿದರು. ಆಮೇಲೆ ಫೋನಿನಲ್ಲೇ ಮಾತು. ಭಾನುವಾರ ಹತ್ತಕ್ಕೆ ನಾನು ಮಾಡುತ್ತೇನೆ, ವಾರದ ತಪ್ಪುಗಳನ್ನು ಓದಿ ಹೇಳುತ್ತೇನೆ. ಒಮ್ಮೆ ನಡುವೆ ತಡೆದು ಹೇಳಿದರು: “ಇಲ್ಲಿ ಯಾವಾಗ್ ನೋಡಿದ್ರೂ ಇನ್ನೂರ ಮೂವತ್ತು ಕಣೋ. ಏರಲ್ಲ, ಇಳಿಯಲ್ಲ. ಜಗಳಾಡಕ್ಕೆ ಒಬ್ರೂ ಇಲ್ಲ.”

ಶಿವನಿಗೆ ಯಾವಾಗ ಬರುತ್ತೀರಿ ಎಂದು ಒಮ್ಮೆ ಮಾತ್ರ ಕೇಳಿದ್ದೇನೆ. ಮಳೆ ಕಳೀಲಿ ಎಂದರು. ಅದು ಮೊದಲ ವರ್ಷದ ಮಾತು.

ತಿಂಗಳಿಗೊಂದು ಭಾನುವಾರ ಶಿವನಿಗೆ ಹೋಗಿ ಬಾಗಿಲು ತೆಗೆದು ಕಸ ಗುಡಿಸಿ ಬರುತ್ತೇನೆ. ಬೇಸಿಗೆಯಲ್ಲಿ ದಾರಿಯುದ್ದಕ್ಕೂ ಮೋಟಾರುಗಳ ಸದ್ದಿರುತ್ತದೆ. ಮೀಟರ್ ಓದುವವರು ಬಾಗಿಲ ಸಂದಿಗೆ ಕರೆಂಟು ಬಿಲ್ಲಿನ ಚೀಟಿ ಸಿಕ್ಕಿಸಿ ಹೋಗಿರುತ್ತಾರೆ. ಈ ತಿಂಗಳ ಚೀಟಿಯಲ್ಲಿ ಹಿಂದಿನ ರೀಡಿಂಗ್ 4817. ಇಂದಿನ ರೀಡಿಂಗ್ 4817.