ಐದು ತೂತಿನ ಆಪರೇಷನ್

ಬೀರುವಿನ ತಳದಿಂದ ಹಸಿರು ರೇಷ್ಮೆ ರವಿಕೆ ಎಳೆದಾಗ ಮೊದಲು ನುಸಿಗುಳಿಗೆಯ ವಾಸನೆ ಬಂತು, ಅದರ ಹಿಂದೆ ಹೊಲಿಗೆ ಮಿಷನ್ನಿನ ಎಣ್ಣೆಯದು. ಕಂಕುಳ ಹತ್ತಿರ ಬೊಟ್ಟಿನಷ್ಟು ಎಣ್ಣೆ ಕಲೆ. ಚಂದ್ರಾ ಲೇಔಟಿನ ನಮ್ಮ ಬೀದಿಯ ಟೈಲರ್ ಅಕ್ಕ ಹೊಲಿದ ಬಟ್ಟೆಯಲ್ಲಿ ಎಂದೂ ಕಲೆ ಇರುತ್ತಿರಲಿಲ್ಲ. ಇದನ್ನು ಅವರು ಹೊಲಿದದ್ದು ಆಪರೇಷನ್ ಆದ ಹೊಸದರಲ್ಲಿ. ಅದಕ್ಕೇ ಇಷ್ಟು ದಿನ ಇದನ್ನು ತಳಕ್ಕೆ ಹಾಕಿಟ್ಟಿದ್ದೆ.

ಅವರಿಗೆ ಹೊಟ್ಟೆನೋವು ಶುರುವಾದಾಗ ಬೀದಿಯವರೆಲ್ಲ ಸೇರಿ ಅದು ಗ್ಯಾಸ್ ಎಂದು ತೀರ್ಮಾನಿಸಿದ್ದೆವು. ಜೀರಿಗೆ ಕಷಾಯ, ಓಮದ ನೀರು, ಮೆಡಿಕಲ್ ಶಾಪಿನವನ ಮಾತ್ರೆ... ಕೊನೆಗೆ ಜಠರದ ಕ್ಯಾನ್ಸರ್ ಎಂದು ಗೊತ್ತಾಗಿ ಲ್ಯಾಪರೋಸ್ಕೋಪಿಯಲ್ಲಿ ಆಪರೇಷನ್ ಆಯಿತು. ಹೊಟ್ಟೆಯ ಮೇಲೆ ಐದು ಸಣ್ಣ ತೂತು ಮಾಡಿ, ಒಂದನ್ನು ಸ್ವಲ್ಪ ಅಗಲಿಸಿ, ಜಠರದ ಮುಕ್ಕಾಲು ಭಾಗವನ್ನೂ ಸುತ್ತಲಿನ ದುಗ್ಧರಸ ಗ್ರಂಥಿಗಳನ್ನೂ, ಅಂದರೆ ಲಿಂಫ್ ನೋಡ್‌ಗಳನ್ನೂ, ತೆಗೆದಿದ್ದರು.

ಗ್ರಂಥಿಗಳನ್ನು ಯಾಕೆ ತೆಗೆಯುತ್ತಾರೆಂದು ನನಗೆ ಅರ್ಥ ಮಾಡಿಸಿದವರು ಅಕ್ಕನೇ. "ನುಸಿ ತಿಂದಿರೋ ಬಟ್ಟೇನ ತೂತಿನ ಅಂಚಿಗೇ ಕತ್ತರಿಸಲ್ಲ ಅಲ್ವಾ? ಸುತ್ತ ಚೆನ್ನಾಗಿರೋದನ್ನೂ ಒಂದಿಷ್ಟು ತೆಗೀತೀವಿ. ಹಂಗೇ ಇದು," ಎಂದಿದ್ದರು. ತೆಗೆದ ಗ್ರಂಥಿಗಳಲ್ಲಿ ಕೆಲವಕ್ಕೆ ರೋಗ ಹತ್ತಿತ್ತು. ಗಾಯ ಮಾಗಿದ ಕೂಡಲೇ ಕೀಮೋ ಶುರುವಾಗಬೇಕು, ತಡ ಮಾಡಬೇಡಿ ಎಂದು ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಅಕ್ಕ ಕ್ಯಾಲೆಂಡರಿಗೆ ಸಿಕ್ಕಿಸಿಟ್ಟಿದ್ದರು.

ನಮ್ಮ ಜನ ಕಾಯಿಲೆಯನ್ನು ಅಳೆಯುವುದು ಹೊಲಿಗೆಯ ಉದ್ದದಲ್ಲಿ. ನೋಡಲು ಬಂದ ಅವರ ಗಂಡನ ತಂಗಿ, "ಇಷ್ಟೇನಾ ಅತ್ತಿಗೆ? ನನ್ನ ಅಪೆಂಡಿಕ್ಸ್‌ಗೇ ಇದಕ್ಕಿಂತ ಉದ್ದ ಕುಯ್ದಿದ್ರು," ಎಂದರು. ಅದೇ ತಿಂಗಳು ಆಕೆಯ ಮಗಳ ಮದುವೆ. ಮನೆ ಹೆಂಗಸರೆಲ್ಲರ ರವಿಕೆ ಬಟ್ಟೆಗಳನ್ನು ತಂದು ಅಕ್ಕನ ಮಂಚದ ಮೇಲೇ ಇಟ್ಟು ಹೋದರು. ಅಕ್ಕನ ಗಂಡ ಅದಕ್ಕೆ ತಕ್ಕವರು. "ಗೆಡ್ಡೆ ಎಲ್ಲಾ ತೆಗೆದಾಯ್ತಲ್ಲ. ಕೀಮೋ ಅಂದ್ರೆ ಕೂದ್ಲು ಹೋಗುತ್ತೆ, ಮದುವೇಲಿ ನಾಲ್ಕು ಜನ ಏನಂತಾರೆ? ಏನ್ ಅವಸರ, ಆಮೇಲೆ ನೋಡಣ," ಎಂದರು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಹಾಗೆಂದು ನಾನೇನು ಸಾಚಾ ಅಲ್ಲ. ತಂಗಿಯ ನಿಶ್ಚಿತಾರ್ಥಕ್ಕೆಂದು ಈ ಹಸಿರು ಬಟ್ಟೆ ಹಿಡಿದುಕೊಂಡು ನಾನೂ ಹೋದೆ. ಚೀಟಿ ಕ್ಯಾಲೆಂಡರಿನಲ್ಲೇ ಇತ್ತು.

"ನೀವಾದ್ರೂ ನಮ್ಮನೆಯವರಿಗೆ ಒಂದ್ ಮಾತು ಹೇಳಿ. ಓದಿರೋರು ಹೇಳಿದ್ರೆ ಕೇಳ್ತಾರೆ," ಎಂದರು ಅಕ್ಕ.

ಹೇಳುತ್ತೇನೆ ಎಂದೆ. ಆಮೇಲೆ ಬೋಟ್ ನೆಕ್ ಇರಲಿ, ಶುಕ್ರವಾರದೊಳಗೆ ಬೇಕು ಎಂದೂ ಹೇಳಿದೆ. ಗಂಡ ಬಾಗಿಲ ಹೊರಗೇ ಪೇಪರ್ ಓದುತ್ತಾ ಕೂತಿದ್ದರು. ಇನ್ನೊಬ್ಬರ ಮನೆ ವಿಷಯ ನಮಗ್ಯಾಕೆ ಎಂದುಕೊಂಡು, ನಕ್ಕು, ದಾಟಿ ಬಂದೆ.

ಶುಕ್ರವಾರ ರವಿಕೆ ಸಿದ್ಧವಾಗಿತ್ತು. ಅಕ್ಕ ಸಣ್ಣ ಲೋಟದಲ್ಲಿ ರಾಗಿ ಗಂಜಿಯನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದರು. "ಒಳಗೆ ಎರಡಿಂಚು ಬಿಟ್ಟಿದೀನಿ. ದಪ್ಪ ಆದ್ರೆ ಬಿಚ್ಕೊಳ್ಳಿ," ಎಂದರು. ಗಂಡನಿಗೆ ಹೇಳಿದಿರಾ ಎಂದು ಮಾತ್ರ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು...

ಮದುವೆಯಾಯಿತು, ಬೀಗರೂಟವಾಯಿತು, ಆಷಾಢ ಬಂತು. ಕೀಮೋಗೆಂದು ಹೋಗುವಷ್ಟರಲ್ಲಿ ರೋಗ ಹೊಟ್ಟೆ ತುಂಬ ಹರಡಿತ್ತು. ಮುಂದಿನ ಗೌರಿ ಹಬ್ಬಕ್ಕೆ ಅಕ್ಕ ಇರಲಿಲ್ಲ. ಸಾವಿನ ಮನೆಯಲ್ಲಿ ಆ ನಾದಿನಿ, "ಅಷ್ಟು ಸಣ್ಣ ಆಪರೇಷನ್ನು, ಹೆಂಗೆ ಹಿಂಗಾಯ್ತೋ," ಎಂದು ಅಳುತ್ತಿದ್ದರು. ಅವರ ಬಾಯಿಗೆ ಹೊಲಿಗೆ ಹಾಕಬೇಕೆನಿಸಿತು. ಆದರೆ ತೆರೆಯಬೇಕಾದಾಗ ಬಾಯಿ ಹೊಲಿದುಕೊಂಡು ಕೂತಿದ್ದವಳು ನಾನು.

ನಿನ್ನೆ ರವಿಕೆಯನ್ನು ಸಡಿಲ ಮಾಡಿಸಲು ವಿಜಯನಗರದ ಟೈಲರ್ ಒಬ್ಬರಿಗೆ ಕೊಟ್ಟೆ. ಅವರು ಮಗುಚಿ ನೋಡಿ, "ಎರಡಿಂಚು ಬಿಟ್ಟಿದಾರಲ್ಲ ಮೇಡಂ. ಈಗ ಯಾರೂ ಇಷ್ಟು ಬಿಡಲ್ಲ. ಯಾವತ್ತಿಗೆ ಬೇಕು?" ಎಂದರು.

ಅವಸರವೇನಿಲ್ಲ ಎಂದೆ. ಹೇಳಿದ ಮೇಲೆ ಅಲ್ಲಿ ನಿಲ್ಲಲಾಗಲಿಲ್ಲ. ಕೀಮೋಗೆ ಅವಸರವಿಲ್ಲ ಎಂದವರು ಅಕ್ಕನ ಗಂಡ. ರವಿಕೆಗೆ ಅವಸರ ಮಾಡಿದವಳು ನಾನು.