ಹರಿಹರದಲ್ಲಿ ಇಳಿಯದ ಗುರುವಾರ

ಆಗೆಲ್ಲ ನನಗೆ ಬೇಸಿಗೆ ರಜೆಯೆಂದರೆ ಗುರುವಾರ. ದಾವಣಗೆರೆಯ ಮಂಡಿಪೇಟೆಯಲ್ಲಿ ಅಪ್ಪ ಹೊಲಿಗೆ ಮಷಿನ್ ಮಾರುವ ಸಣ್ಣ ಅಂಗಡಿ ಇಟ್ಟಿದ್ದ. ವಾರವೆಲ್ಲ ಮಾರಾಟ. ಗುರುವಾರ ಮಾತ್ರ ಅಂಗಡಿ ಬಾಗಿಲೆಳೆದು, ರಿಪೇರಿ ಚೀಲ ಹೆಗಲಿಗೇರಿಸಿ, ಹಿಂದೆ ಮಷಿನ್ ಕೊಂಡವರ ಮನೆಗಳಿಗೆ ಹೋಗುತ್ತಿದ್ದ. ಅವರು ಕರೆಯಲಿ, ಬಿಡಲಿ. ಎಣ್ಣೆ ಬಿಟ್ಟು, ಬೆಲ್ಟು ಬಿಗಿ ಮಾಡಿ, ಚೂರು ಬಟ್ಟೆಯ ಮೇಲೆ ಹೊಲಿಗೆ ಓಡಿಸಿ ನೋಡುವುದು. ರಜೆ ಬಂತೆಂದರೆ ನಾನೂ ಜೊತೆಗೆ ಬಸ್ಸು ಹತ್ತುತ್ತಿದ್ದೆ.

ಮೊದಲು ಇಳಿಯುವುದು ಹರಿಹರದಲ್ಲಿ, ಗೌರಕ್ಕನ ಮನೆಗೆ. ಅಪ್ಪ ಅಂಗಡಿ ತೆರೆದ ಹೊಸದರಲ್ಲಿ ಮಷಿನ್ ಕೊಂಡವಳು ಅವಳು. ಗಂಡ ಲಾರಿ ಓಡಿಸುತ್ತ ಊರೂರು ಸುತ್ತುತ್ತಿದ್ದ. ಓಣಿಯ ಹೆಂಗಸರ ಜಂಪರು ಹೊಲಿದು ಇವಳು ಮನೆ ನೋಡಿಕೊಳ್ಳುತ್ತಿದ್ದಳು. ಅಪ್ಪ ಬಾಗಿಲಲ್ಲೇ "ತಂಗೀ" ಎಂದು ಕೂಗಿ ನೇರ ಒಳಗೆ ಹೋಗಿ ಮಷಿನ್ ಪಕ್ಕ ನೆಲದ ಮೇಲೆ ಕೂತುಬಿಡುತ್ತಿದ್ದ. ಹೊಸ ಬಟ್ಟೆಯ ಗಂಜಿ ವಾಸನೆ, ಮಷಿನ್ ಎಣ್ಣೆಯ ವಾಸನೆ, ಅವೆರಡನ್ನೂ ಮೀರಿ ಅಡುಗೆಮನೆಯಿಂದ ಒಗ್ಗರಣೆ ಮಂಡಕ್ಕಿಯ ಘಮ. ನಾನು ಚೂರು ಬಟ್ಟೆಗಳನ್ನು ಜೋಡಿಸಿಕೊಂಡು ಸೀರೆ ಅಂಗಡಿ ಇಡುತ್ತಿದ್ದೆ. ಗೌರಕ್ಕ ಕೆಲಸದ ನಡುವೆಯೇ ನನ್ನ ಅಂಗಡಿಗೆ ಬಂದು, ಬಣ್ಣ ಹೋಗುತ್ತದೆ, ಸೆರಗು ಗಿಡ್ಡ ಎಂದು ಜಗಳ ತೆಗೆದು, ಏನೂ ಕೊಳ್ಳದೆ ಎದ್ದು ಹೋಗುತ್ತಿದ್ದಳು. ನಾನು ನಗುತ್ತ ಉರುಳಾಡುತ್ತಿದ್ದೆ.

ನನಗೆ ಹತ್ತು ವರ್ಷವಾದ ಬೇಸಿಗೆಯಲ್ಲಿ ಮಷಿನ್ ಕಂಪನಿಯವನೊಬ್ಬ ಅಂಗಡಿಗೆ ಬಂದ. ಮಳೆಗಾಲ ಹಿಡಿಯುವುದರೊಳಗೆ ಅವರು ಹೇಳಿದಷ್ಟು ಹೊಸ ಮಷಿನ್ ಮಾರಿದರೆ ಇಡೀ ತಾಲ್ಲೂಕಿನ ಏಜೆನ್ಸಿ ಅಪ್ಪನಿಗೇ ಎಂದ. ಎರಡು ಷಟರಿನ ಅಂಗಡಿ, ದೀಪದ ಬೋರ್ಡು. ಅಪ್ಪನಿಗೆ ಆಸೆಯಾಯಿತು. ಅದೇನು ಕೆಟ್ಟ ಆಸೆಯಲ್ಲ. ಆದರೆ ಗುರುವಾರಗಳು ಹೊಸ ಗಿರಾಕಿಗಳ ಪಾಲಾದವು. ಬಾಡಿಗೆ ಟೆಂಪೋದಲ್ಲಿ ಮಷಿನ್ ಹೇರಿಕೊಂಡು ಬಾತಿಗೆ, ಮಲೆಬೆನ್ನೂರಿಗೆ ಹೋಗಿ, ಜನ ಸೇರುವಲ್ಲಿ ನಿಲ್ಲಿಸಿ ಹೊಲಿದು ತೋರಿಸುತ್ತಿದ್ದ.

ಗೌರಕ್ಕನಿಗೆ ಅದೇ ಬೇಸಿಗೆಯಲ್ಲಿ ಹರಿಹರದ ಶಾಲೆಯೊಂದರ ಯೂನಿಫಾರ್ಮ್ ಹೊಲಿಯುವ ಕೆಲಸ ಸಿಕ್ಕಿತ್ತು. ಅಂಥ ದೊಡ್ಡ ಕೆಲಸ ಅವಳಿಗೆ ಅದೇ ಮೊದಲು. ಮೇ ಶುರುವಾಗುವ ಹೊತ್ತಿಗೆ ಮಷಿನ್ ಹೊಲಿಗೆ ಬಿಡತೊಡಗಿತು, ದಾರ ಕಡಿಯತೊಡಗಿತು. ಫೋನ್ ಮಾಡಿದಳು. ಅಪ್ಪ ನಾಳೆ ಬರುತ್ತೇನೆಂದ. ಮತ್ತೆ ಮಾಡಿದಳು. ಮತ್ತೆ ನಾಳೆ ಎಂದ. ಹಾಗೆ ಹೇಳುವಾಗ ಅವನು ಸುಳ್ಳು ಹೇಳುತ್ತಿದ್ದನೆಂದು ನನಗೆ ಈಗಲೂ ಅನಿಸುವುದಿಲ್ಲ. ಅವನಿಗೆ ನಿಜವಾಗಿಯೂ ನಾಳೆ ಹೋಗುವುದಿತ್ತು.

ಒಂದು ಗುರುವಾರ ಮಲೆಬೆನ್ನೂರಿಗೆ ಹೋಗುವಾಗ ಟೆಂಪೋ ಹರಿಹರದಲ್ಲಿ ಅವಳ ಓಣಿಯ ಬಾಯಿಗೇ ಬಂತು. ನಾನು ಇಳಿಯಲು ಎದ್ದೆ. ಬರುವಾಗ ಇಳಿಯೋಣ ಎಂದು ಅಪ್ಪ ಕೂರಿಸಿದ. ಬರುವಾಗ ಮಷಿನ್ ಎಲ್ಲ ಮಾರಿ ಹೋಗಿದ್ದವು. ಅಪ್ಪ ಡ್ರೈವರ್ ಜೊತೆ ನಗುತ್ತ ಮಾತಾಡುತ್ತಿದ್ದ. ಓಣಿ ಬಂತು, ಹಿಂದೆ ಸರಿಯಿತು. ನಾನು ನೆನಪು ಮಾಡಿದಾಗ ಊರು ದಾಟಿಯಾಗಿತ್ತು. ಅಪ್ಪನ ಮುಖ ಒಂದು ಗಳಿಗೆ ಸಪ್ಪಗಾಯಿತು. ಆದರೂ ಟೆಂಪೋ ತಿರುಗಿಸು ಎನ್ನಲಿಲ್ಲ.

ಶಾಲೆ ಶುರುವಾಗುವ ಹಿಂದಿನ ವಾರ ಗೌರಕ್ಕ ತಾನೇ ಅಂಗಡಿಗೆ ಬಂದಳು. ಮಷಿನ್ನಿನ ಮೇಲ್ಭಾಗವನ್ನು ಕಳಚಿ, ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಅಂಗಡಿಯಲ್ಲಿ ಮಲೆಬೆನ್ನೂರು ಕಡೆಯ ಅತ್ತೆ ಸೊಸೆ ಹೊಸ ಮಷಿನ್ ನೋಡುತ್ತಿದ್ದರು. ಅಪ್ಪ ಗೌರಕ್ಕನಿಗೆ ಮೂಲೆಯ ಸ್ಟೂಲು ತೋರಿಸಿ ಅವರ ಕಡೆ ತಿರುಗಿದ. ಅವರಿಗೆಂದು ತರಿಸಿದ್ದ ಶರಬತ್ತನ್ನು ನಾನೇ ಕೊಟ್ಟೆ. ಗೌರಕ್ಕನಿಗೆ ಲೋಟ ಇರಲಿಲ್ಲ. ಅವತ್ತು ನಾನು ತೊಟ್ಟಿದ್ದ ಹೂವಿನ ಲಂಗ ಅವಳೇ ಹೊಲಿದದ್ದು. ಮೊಣಕಾಲಿನ ಹತ್ತಿರ ಲಂಗವನ್ನು ಮುದುರಿ ಹಿಡಿದುಕೊಂಡು ನಿಂತೆ.

ಸೊಸೆಗೆ ಮಷಿನ್ ಹಿಡಿಸಿತ್ತು, ಅತ್ತೆಗೆ ಅನುಮಾನ. ಮುಂದೆ ಕೆಟ್ಟರೆ ಯಾರು ನೋಡುತ್ತಾರೆ ಎಂದು ಎರಡೆರಡು ಸಲ ಕೇಳಿದಳು. ಅಪ್ಪ ಥಟ್ಟನೆ ಮೂಲೆಯ ಕಡೆ ಕೈ ತೋರಿಸಿದ.

"ಇವ್ರನ್ನೇ ಕೇಳ್ರಿ. ಹರಿಹರದೋರು, ನಮ್ಮ ಹಳೇ ಗಿರಾಕಿ."

ಆ ಗಂಟಿನೊಳಗೆ ಏನಿದೆಯೆಂದು ಗೊತ್ತಿದ್ದವರು ನಾವು ಮೂವರೇ. ನಾನು ಗೌರಕ್ಕನ ಮುಖ ನೋಡಲಾರದೆ ಅವಳ ಕೈ ನೋಡಿದೆ. ಗಂಟಿನ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು.

"ಮಷಿನ್ ಚಲೋ ಐತೆ, ತಗಳ್ರಿ" ಎಂದಳು.

ಅವರು ತೆಗೆದುಕೊಂಡು ಹೋದರು. ಅಪ್ಪ ಲಗುಬಗೆಯಿಂದ ಬಂದು ಗಂಟಿಗೆ ಕೈ ಹಾಕಿದ. ಇಗೋ, ಈಗಲೇ ಮಾಡಿಕೊಡುತ್ತೇನೆ, ಒಂದು ತಾಸು ಕೂತಿರು ಎಂದ.

"ಅವಸ್ರ ಏನಿಲ್ರಿ" ಎಂದಳು ಗೌರಕ್ಕ. "ಸಾಲಿಯೋರು ಮುಂಜಾನೆ ಬಂದು ಬಟ್ಟೆ ಎಲ್ಲ ವಾಪಸ್ ತಗಂಡು ಹೋದ್ರು."

ಅಪ್ಪನ ಕೈ ಗಂಟಿನ ಮೇಲೇ ನಿಂತಿತು. ಅವಳು ಎದ್ದು ಸೆರಗು ಸರಿಮಾಡಿಕೊಂಡಳು.

"ಮಷಿನ್ ಚಲೋ ಐತೆ ಅಂದೆ, ಅದು ಸುಳ್ಳಲ್ಲ. ನಿಮ್ ಬಗ್ಗೆ ನಾನೇನೂ ಹೇಳ್ಲಿಲ್ಲ."

ಗಂಟನ್ನು ಅಲ್ಲೇ ಬಿಟ್ಟು, ಬಾಗಿಲಲ್ಲಿ ನನ್ನ ತಲೆ ಸವರಿ ಹೋದಳು. ಅದನ್ನು ಮಾಡದೆ ಹೋಗಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಆಮೇಲೆ ಅಪ್ಪ ಯಾವ ಗಿರಾಕಿಯ ಕಡೆಗೂ ನೋಡದೆ ಆ ಮಷಿನ್ ಬಿಚ್ಚಿ ಕೂತ. ಮಾರನೆಯ ಬೆಳಿಗ್ಗೆ ಇಬ್ಬರೂ ಹರಿಹರಕ್ಕೆ ಹೋದೆವು. ಅಪ್ಪ ಕೂಗಲಿಲ್ಲ, ಹೊಸ್ತಿಲಾಚೆ ನಿಂತ. ಗೌರಕ್ಕ ಒಳಗೆ ಬರ್ರಿ ಎಂದು ಕರೆದು, ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿ ಹಾಕಿದಳು. ಅಪ್ಪ ಆ ಮನೆಯಲ್ಲಿ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಚಹಾ ಕೊಟ್ಟಳು. ಮಷಿನ್ ಚೆನ್ನಾಗಿಯೇ ಓಡಿತು. ಅವಳು ಹೊಲಿಗೆ ನೋಡಿ ಆತು ಎಂದಳು, ಅಷ್ಟೇ. ನಾನು ಚೂರು ಬಟ್ಟೆಯ ರಾಶಿಯ ಹತ್ತಿರ ಹೋಗಲಿಲ್ಲ.

ಏಜೆನ್ಸಿ ಬಂತು, ದೀಪದ ಬೋರ್ಡೂ ಬಂತು. ಅಪ್ಪ ಗುರುವಾರದ ತಿರುಗಾಟವನ್ನು ಮತ್ತೆ ಶುರುಮಾಡಿದ. ಹೆಚ್ಚಿನವರು ಬೈದು ಒಳಗೆ ಕರೆದರು. ಗೌರಕ್ಕ ಅಷ್ಟರಲ್ಲಿ ಹರಿಹರದಲ್ಲೇ ಬೇರೆ ಅಂಗಡಿಯ ಮಷಿನ್ ಕೊಂಡಿದ್ದಳು. ಬೈಯಲೂ ಇಲ್ಲ.

ಈಗ ಆ ಅಂಗಡಿಯನ್ನು ನನ್ನ ತಮ್ಮ ನೋಡಿಕೊಳ್ಳುತ್ತಾನೆ. ಮಷಿನ್ ಕೆಟ್ಟರೆ ಕಂಪನಿಯ ನಂಬರಿಗೆ ಫೋನ್ ಮಾಡಬೇಕು. ಗುರುತಿಲ್ಲದವರು ಬಂದು ಸರಿಮಾಡಿ ಹೋಗುತ್ತಾರೆ. ಕೆಲಸ ಆಗುತ್ತದೆ, ದೂರುವಂತಿಲ್ಲ. ಆದರೆ ಕೂಗುತ್ತ ನೇರ ಒಳಗೆ ಹೋಗಿ ಕೂರಬಹುದಾದ ಮನೆ ನಮಗೆ ಹರಿಹರದಲ್ಲಿ ಈಗ ಒಂದೂ ಇಲ್ಲ.

ಹೋದ ವರ್ಷ ಒಂದು ಮದುವೆಗೆ ಹರಿಹರಕ್ಕೆ ಹೋದವಳು ಆ ಓಣಿಗೆ ಹೋಗಿ ಬಂದೆ. ಗೌರಕ್ಕ ಗುರುತು ಹಿಡಿದಳು. ಅವ್ವನನ್ನು, ತಮ್ಮನನ್ನು ಹೆಸರು ಹಿಡಿದು ವಿಚಾರಿಸಿದಳು, ನನಗೆ ಮಕ್ಕಳೆಷ್ಟೆಂದು ಕೇಳಿದಳು. ಊಟ ಮಾಡಿಸಿಯೇ ಕಳಿಸಿದಳು.

ತವರಿಗೆ ಬಂದು ಗೌರಕ್ಕನ ಮನೆಗೆ ಹೋಗಿದ್ದೆ ಎಂದೆ. ಅಪ್ಪ ಪೇಪರು ಮಡಿಚಿಟ್ಟ.

"ನನ್ನ ಕೇಳಿದ್ಲಾ?" ಎಂದ.

ನಾನು ನೀರು ಕುಡಿಯುವ ನೆವದಲ್ಲಿ ಒಳಗೆ ಎದ್ದು ಹೋದೆ.